ಗಾಳಕ್ಕೊಂದು ಗರಿ

ಗಾಳ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕೆರೆ ಏರಿಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತ ಹುಡುಗ, ಕೈಯಲ್ಲೊಂದು ಬಿದಿರು ಕೋಲು, ಪಕ್ಕದ ತೆಂಗಿನ ಚಿಪ್ಪಿನಲ್ಲಿ ಹೊರಳಾಡುವ ಎರೆಹುಳುಗಳು. ಸ್ವಲ್ಪ ತುಂಟರಾಗಿದ್ದರೆ, ಮದುವೆ ಮನೆಗಳಲ್ಲಿ ಪಿಸುಗುಟ್ಟುವ "ಗಾಳ ಹಾಕುವ" ಮಾತು ನೆನಪಾದೀತು. ಐವತ್ತು ದಾಟಿದ, ಈರುಳ್ಳಿಯನ್ನೂ ಹಬ್ಬದ ದಿನ ದೂರವಿಡುವ ಮನೆಯ ಹೆಂಗಸೊಬ್ಬಳು ಮೊಣಕಾಲಿನ ತನಕ ಬರುವ ರಬ್ಬರ್ ಬೂಟು ತೊಟ್ಟು ಹಿಮಾಲಯದ ಹೊಳೆಯಲ್ಲಿ ಗಾಳ ಹಿಡಿದು ನಿಂತಿರುವ ಚಿತ್ರ ಮಾತ್ರ ಖಂಡಿತ ಬರಲಾರದು. ಆದರೆ ಓದುಗ ಮಿತ್ರರೇ, ಆ ಹೆಂಗಸು ನಾನೇ.

ಇದನ್ನು ಕೇಳಿದ ನಮ್ಮ ಸಂಘದ ಗೆಳತಿಯರಲ್ಲಿ ಒಬ್ಬರು "ಅಯ್ಯೋ, ಮೀನು ತಿನ್ನೋಕೆ ಶುರು ಮಾಡಿದಿರಾ?" ಎಂದರು. ಇನ್ನೊಬ್ಬರು "ಮಗಳು ಮದುವೆಯಾಗಿ ಹೋದ ಮೇಲೆ ಹೀಗೆ ಆಗುತ್ತದೆ" ಎಂದು ಸಮಾಧಾನ ಹೇಳಿದರು. ನಮ್ಮವರಂತೂ ಬಂದ ಅತಿಥಿಗಳಿಗೆಲ್ಲ "ಮೀನು ತಿನ್ನದ ಮನೆಯಲ್ಲಿ ಮೀನಿಗೆ ತಿಂಡಿ ಮಾಡುವವಳು" ಎಂದು ನನ್ನ ಪರಿಚಯ ಮಾಡಿಕೊಡುತ್ತಾರೆ. ತಮಾಷೆಯ ಮಾತಾದರೂ ಅದರಲ್ಲಿ ಸತ್ಯವಿದೆ. ನಾನು ಮೀನಿಗೆ ತಿಂಡಿ ಮಾಡುವವಳೇ. ಆ ತಿಂಡಿ ಮಾತ್ರ ಪೂರ್ತಿ ಸುಳ್ಳು! ಗರಿ, ದಾರ, ತಾಮ್ರದ ತಂತಿ, ಉಣ್ಣೆಗಳಿಂದ ಒಂದು ಗೋಧಿಕಾಳಿನಷ್ಟು ದೊಡ್ಡ ಕೊಕ್ಕೆಯ ಮೇಲೆ ಕಟ್ಟಿದ ಹುಸಿನೊಣ. ಇದಕ್ಕೆ ಇಂಗ್ಲಿಷರು ಫ್ಲೈ ಎಂದೂ, ಇದರಿಂದ ಮೀನು ಹಿಡಿಯುವುದಕ್ಕೆ ಫ್ಲೈ ಫಿಶಿಂಗ್ ಎಂದೂ ಹೆಸರಿಟ್ಟಿದ್ದಾರೆ.

ಮಾಮೂಲಿ ಗಾಳಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುತ್ತೀರಲ್ಲವೇ? ಹೇಳುತ್ತೇನೆ. ಮಾಮೂಲಿ ಗಾಳದಲ್ಲಿ ತುದಿಯ ಎರೆಗೋ ಸೀಸದ ಗುಂಡಿಗೋ ತೂಕವಿರುತ್ತದೆ. ಬೀಸಿ ಎಸೆದರೆ ಆ ತೂಕ ಮುಂದೆ ಹಾರಿ, ಹಗುರವಾದ ದಾರವನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಹುಸಿನೊಣಕ್ಕೆ ತೂಕವೇ ಇಲ್ಲ. ಅದನ್ನು ಎಸೆಯಲು ಹೋದರೆ ಹತ್ತಿಯ ಎಳೆಯನ್ನು ಎಸೆದಂತೆ, ಮುಖದ ಮುಂದೆಯೇ ಬೀಳುತ್ತದೆ. ಆದ್ದರಿಂದ ಇಲ್ಲಿ ದಾರಕ್ಕೇ ತೂಕ ಕೊಟ್ಟಿರುತ್ತಾರೆ. ಸುಮಾರು ಒಂಬತ್ತು ಅಡಿಯ, ಬಳುಕುವ ಕೋಲಿನಿಂದ ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಬೇಕು. ಹಿಂದೆ ಹೋದ ದಾರ ಪೂರ್ತಿ ಬಿಚ್ಚಿಕೊಂಡು ಕೋಲನ್ನು ಬಗ್ಗಿಸಿದ ಕ್ಷಣದಲ್ಲಿ ಮುಂದಕ್ಕೆ ಬೀಸಿದರೆ, ದಾರ ಸುರುಳಿ ಬಿಚ್ಚುತ್ತಾ ಹೋಗಿ ತುದಿಯ ನೊಣವನ್ನು ನೀರಿನ ಮೇಲೆ ಮೆತ್ತಗೆ ಇಳಿಸುತ್ತದೆ. ನಮ್ಮ ಅಜ್ಜಿಯರು ಹಗ್ಗ ಹಾಕಿ ಮಜ್ಜಿಗೆ ಕಡೆಯುತ್ತಿದ್ದುದನ್ನು ನೋಡಿದ್ದೀರಾ? ಒಂದು ಕೈ ಎಳೆಯುವಾಗ ಇನ್ನೊಂದು ಬಿಡಬೇಕು. ಅವಸರಿಸಿದರೆ ಹಗ್ಗ ಜಾರುತ್ತದೆ. ಇದೂ ಹಾಗೆಯೇ. ಶಕ್ತಿಗಿಂತ ತಾಳ ಮುಖ್ಯ.

ನನಗೆ ಇದರ ಪರಿಚಯವಾದದ್ದು 2017ರ ಏಪ್ರಿಲ್‌ನಲ್ಲಿ. ದೆಹಲಿಯ ಬಿಸಿಲು ಏರುವ ಮೊದಲು ನಾಲ್ಕು ದಿನ ತಂಪಾಗಿರೋಣವೆಂದು ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿದ್ದೆವು. ರಾತ್ರಿ ಬಸ್ಸು ಹಿಡಿದು, ಕುಲ್ಲುವಿನ ದಾರಿಯಲ್ಲಿ ಔಟ್ ಎಂಬಲ್ಲಿ ಸುರಂಗಕ್ಕೆ ಮೊದಲೇ ಇಳಿದು, ಲಾರ್ಜಿ, ಬಂಜಾರ್ ಮೇಲೆ ಗುಶೈನಿಯ ಕಡೆ ಹೋಗಬೇಕು. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗೆ ಹುಟ್ಟಿ ಬರುವ ನದಿ. ಈ ಉದ್ಯಾನ 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನದಿಯ ಹೆಸರಿನಲ್ಲೇ ತೀರ್ಥವಿದೆ. ನೀರೂ ಹಾಗೆಯೇ ಇದೆ. ಎದೆಮಟ್ಟದ ಆಳದಲ್ಲಿಯೂ ತಳದ ಬೆಣಚುಕಲ್ಲುಗಳನ್ನು ಎಣಿಸಬಹುದು.

ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ದಡದ ಬಂಡೆಯ ಮೇಲೆ ಕುಳಿತಿದ್ದಾಗ, ಅದೇ ವಸತಿಗೃಹದಲ್ಲಿ ತಂಗಿದ್ದ ನಿವೃತ್ತ ಕರ್ನಲ್ ಸಾಹೇಬರೊಬ್ಬರು ನಡುನೀರಿನಲ್ಲಿ ನಿಂತು ದಾರ ಬೀಸುತ್ತಿದ್ದರು. ಎಪ್ಪತ್ತರ ಆಸುಪಾಸಿನ ವಯಸ್ಸು. ಮೊದಲು ನೋಡಿದಾಗ ಇವರು ಗಾಳಿಗೆ ಏನೋ ಬರೆಯುತ್ತಿದ್ದಾರೆ ಅನ್ನಿಸಿತು. ಒಂದು ಗಂಟೆ ಬೀಸಿ ಬರಿಗೈಯಲ್ಲಿ ದಡಕ್ಕೆ ಬಂದರು. ಮುಖದಲ್ಲಿ ಮಾತ್ರ ಸಂಕ್ರಾಂತಿ ಎಳ್ಳು ಬೀರಿ ಬಂದವರ ಕಳೆ! ನಾನು ಕುತೂಹಲದಿಂದ ನೋಡುತ್ತಿದ್ದುದನ್ನು ಕಂಡು, ಜೇಬಿನಿಂದ ತಂಬಾಕಿನ ಡಬ್ಬಿಯಂಥ ತಗಡಿನ ಪೆಟ್ಟಿಗೆಯೊಂದನ್ನು ತೆಗೆದು "ನೋಡಿ ಮ್ಯಾಡಂ" ಎಂದು ಮುಚ್ಚಳ ತೆರೆದರು.

ಆ ಪೆಟ್ಟಿಗೆಯೊಳಗೆ ನನ್ನ ಮನಸ್ಸು ಬಿದ್ದದ್ದು ಬಿದ್ದೇ ಹೋಯಿತು. ಸಾಲು ಸಾಲಾಗಿ ನೂರಾರು ಪುಟಾಣಿ ನೊಣಗಳು. ಕೆಲವು ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡವು, ಕೆಲವು ಏಲಕ್ಕಿಯಷ್ಟು. ಒಂದಕ್ಕೆ ನವಿಲುಗರಿಯ ಹಸಿರುಗಪ್ಪು ಮೈ, ಇನ್ನೊಂದಕ್ಕೆ ಹೊಂಬಣ್ಣದ ತಂತಿಯ ಸುತ್ತು, ಮತ್ತೊಂದಕ್ಕೆ ತಲೆಯ ಬಳಿ ಗೆಜ್ಜೆಯಂತೆ ಹರಡಿದ ಹುಂಜದ ಗರಿ. ಯಾವ ಅಕ್ಕಸಾಲಿಗ ಮಾಡಿದ್ದು ಎಂದು ಕೇಳಿದೆ. "ನಾನೇ, ರಾತ್ರಿ ನಿದ್ದೆ ಬಾರದಾಗ" ಎಂದರು. ಹೂಬತ್ತಿ ಹೊಸೆದು, ಗೆಜ್ಜೆವಸ್ತ್ರ ಮಾಡಿ, ಕ್ರೋಶಾ ಹಾಕಿ ಪಳಗಿದ ನನ್ನ ಬೆರಳುಗಳಿಗೆ ಅದೇ ಕ್ಷಣದಲ್ಲಿ ಕಡಿತ ಶುರುವಾಯಿತು. ಇದು ನನ್ನ ಕೈಗೂ ಬಂದೀತು!

ಆ ಪೆಟ್ಟಿಗೆ ಏನೆಂದು ತಿಳಿಯಬೇಕಾದರೆ ಟ್ರೌಟ್ ಮೀನಿನ ಊಟವೇನೆಂದು ತಿಳಿಯಬೇಕು. ಟ್ರೌಟ್ ತಣ್ಣೀರಿನ ಮೀನು. ಸದಾ ಹರಿವಿಗೆ ಎದುರಾಗಿ ಮುಖ ಮಾಡಿ ನಿಂತು, ನೀರು ಹೊತ್ತು ತರುವುದನ್ನು ತಿನ್ನುತ್ತದೆ. ನೀರಿನ ಕಲ್ಲುಗಳಡಿಯಲ್ಲಿ ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ ಮುಂತಾದ ಕೀಟಗಳ ಮರಿಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಬೆಳೆಯುತ್ತವೆ. ಕ್ಯಾಡಿಸ್ ಮರಿ ಮರಳಿನ ಕಾಳು, ಕಡ್ಡಿಚೂರುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಮೈಸುತ್ತ ಗೂಡು ಕಟ್ಟಿಕೊಂಡು, ಅದನ್ನೇ ಹೊತ್ತು ತಿರುಗುತ್ತದೆ. ಇವು ರೆಕ್ಕೆ ಮೂಡಿ ಮೇಲೆದ್ದು ಬರುವ ಸಂಜೆ ಮೀನುಗಳಿಗೆ ಹಬ್ಬ. ಮೇಫ್ಲೈಯ ಕಥೆಯಂತೂ ಮನಸ್ಸನ್ನು ಕಲಕುತ್ತದೆ. ನೀರೊಳಗೆ ಅಷ್ಟು ಕಾಲ ಬಾಳಿದ ಹುಳು ರೆಕ್ಕೆ ಬಂದ ಮೇಲೆ ಬದುಕುವುದು ಒಂದೆರಡು ದಿನ, ಕೆಲವೊಮ್ಮೆ ಕೆಲವೇ ಗಂಟೆ. ತಿನ್ನಲು ಬಾಯಿ ಕೂಡ ಸರಿಯಾಗಿ ಇರುವುದಿಲ್ಲ. ಜೋಡಿ ಕೂಡಿ, ಮೊಟ್ಟೆಯಿಟ್ಟು, ಸಾಯುವುದಷ್ಟೇ ಅದರ ಕೆಲಸ. ಗಾಳಗಾರನ ಪೆಟ್ಟಿಗೆಯಲ್ಲಿ ಇರುವುದು ಈ ಹುಳುಗಳ ಬಾಲ್ಯ, ಯೌವನ, ಮರಣಗಳ ಬೊಂಬೆಗಳು.

ದೆಹಲಿಗೆ ಮರಳಿದ ಮೇಲೆ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಚರಿತ್ರೆ ಓದುವಾಗ ಐಸಾಕ್ ವಾಲ್ಟನ್, 'ದಿ ಕಂಪ್ಲೀಟ್ ಆಂಗ್ಲರ್', 1653 ಎಂದು ಉರು ಹೊಡೆದದ್ದು ನೆನಪಿತ್ತು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಪುಸ್ತಕ ತೆರೆದು ನೋಡಿದ್ದು ಮೂವತ್ತು ವರ್ಷಗಳ ಮೇಲೆ! ನೊಣದ ಗಾಳದ ವಿವರವಾದ ಭಾಗವನ್ನು ಅವನ ಗೆಳೆಯ ಚಾರ್ಲ್ಸ್ ಕಾಟನ್ ಬರೆದು 1676ರ ಆವೃತ್ತಿಗೆ ಸೇರಿಸಿದನಂತೆ. ಈ ವಿದ್ಯೆ ಅದಕ್ಕಿಂತಲೂ ಹಳೆಯದು. ಸುಮಾರು 1,800 ವರ್ಷಗಳ ಹಿಂದೆ ಏಲಿಯನ್ ಎಂಬ ರೋಮನ್ ಲೇಖಕ, ಮೆಸಿಡೋನಿಯಾದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಚರಿತ್ರೆಯಲ್ಲಿರುವ ಹೆಂಗಸರು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲು ಅಚ್ಚಾದ ಪುಸ್ತಕ 1496ರದ್ದು. ಅದರಲ್ಲಿ ಹನ್ನೆರಡು ನೊಣಗಳ ಪಟ್ಟಿಯಿದೆ. ಅದನ್ನು ಬರೆದವಳು ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಎಂದು ಪ್ರತೀತಿ. ವಿದ್ವಾಂಸರು ಈಗ ಅದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅಮೆರಿಕದ ಮೇರಿ ಆರ್ವಿಸ್ ಮಾರ್ಬರಿ, ಒಂದೊಂದು ನೊಣಕ್ಕೂ ಒಂದೊಂದು ಹೆಸರು, ಒಂದೊಂದು ರೂಪ ಎಂದು ಗೊಂದಲವಾಗಿದ್ದ ಕಾಲದಲ್ಲಿ, 1892ರಲ್ಲಿ ಅವನ್ನೆಲ್ಲ ಕಲೆಹಾಕಿ ಬಣ್ಣದ ಚಿತ್ರಗಳೊಂದಿಗೆ ದೊಡ್ಡ ಗ್ರಂಥವನ್ನೇ ಹೊರತಂದಳು. ಸ್ಕಾಟ್ಲೆಂಡಿನ ಮೇಗನ್ ಬಾಯ್ಡ್ (1915–2001) ಸಮುದ್ರದ ಕಡೆಗಿನ ಪುಟ್ಟ ಮನೆಯಲ್ಲಿ, ಹೆಚ್ಚಿನ ಕಾಲ ವಿದ್ಯುತ್ ದೀಪವೂ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಕುಳಿತು ಜೀವಮಾನವಿಡೀ ಸಾಲ್ಮನ್ ಮೀನಿನ ನೊಣಗಳನ್ನು ಕಟ್ಟಿದಳು. ಆಗ ಇಂಗ್ಲೆಂಡಿನ ರಾಜಕುಮಾರನಾಗಿದ್ದ ಚಾರ್ಲ್ಸ್ ಕೂಡ ಅವಳ ಗಿರಾಕಿಯಾಗಿದ್ದ. 1971ರಲ್ಲಿ ಅವಳಿಗೆ ಬ್ರಿಟಿಷ್ ಎಂಪೈರ್ ಪದಕ ಬಂದಾಗ, ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಲಂಡನ್ನಿಗೆ ಹೋಗಲಿಲ್ಲವಂತೆ! ಇದೆಲ್ಲಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಮೀನು ಕೊಲ್ಲುವುದು ಅವಳಿಗೆ ಹಿಡಿಸುತ್ತಿರಲಿಲ್ಲ. ಅವಳು ಗಾಳ ಹಾಕುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರಿಟಿಷರು ತಮ್ಮೂರಿನ ಹೊಳೆಗಳ ನೆನಪಿಗೆ ತಂದುಕೊಂಡದ್ದು. ಮೊಟ್ಟೆಗಳನ್ನು ಹಡಗಿನಲ್ಲಿ ತಣ್ಣಗಿಟ್ಟು ತರಬೇಕಾಗಿತ್ತು. ಕಾಶ್ಮೀರಕ್ಕೆ 1899ರಲ್ಲಿ ತಂದ ಮೊದಲ ಕಂತು ದಾರಿಯಲ್ಲೇ ಹಾಳಾಯಿತು; 1900ರಲ್ಲಿ ಬಂದದ್ದು ಉಳಿಯಿತು. ಅವನ್ನು ಸಾಕಿ ಬೆಳೆಸಿದ ಎಫ್. ಜೆ. ಮಿಚೆಲ್ ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ಇಟ್ಟಿದ್ದವನು. ಅಲ್ಲಿಂದ 1909ರಲ್ಲಿ ಕುಲ್ಲುವಿನ ಕಟ್ರಾಯಿನ್ ಬಳಿಯ ಮಹಿಲಿಗೆ ಮೊಟ್ಟೆಗಳು ಬಂದವು. ಹಿಮಾಚಲದ ಹೊಳೆಗಳ ಕಂದು ಟ್ರೌಟುಗಳ ಮೂಲ ಅದು. ದಕ್ಷಿಣದಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲೇ ಟ್ರೌಟ್ ಮರಿ ಮಾಡುವ ಕೇಂದ್ರ ಸ್ಥಾಪನೆಯಾಗಿತ್ತು. ಊಟಿಗೆ ಹೋದವರು ಬೊಟಾನಿಕಲ್ ಗಾರ್ಡನ್ ನೋಡಿ ಬರುತ್ತಾರೆ, ಇದು ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಕಟ್ಟುವ ವಿಷಯ. ಇದಕ್ಕೆ ಬೇಕಾದ್ದು ಕೊಕ್ಕೆಯನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ವೈಸ್, ಹರಿತವಾದ ಸಣ್ಣ ಕತ್ತರಿ, ದಾರದ ಉರುಳೆ ಹಿಡಿಯುವ ಬಾಬಿನ್, ಒಂದು ದಬ್ಬಳ. ವೈಸ್ ಮತ್ತು ಕೊಕ್ಕೆಗಳನ್ನು ಮಾತ್ರ ತರಿಸಿಕೊಂಡೆ. ಮಿಕ್ಕದ್ದು ಮನೆಯಲ್ಲೂ ಬೀದಿಯಲ್ಲೂ ಸಿಕ್ಕಿತು. ಫ್ರ್ಯಾಂಕ್ ಸಾಯರ್ ಎಂಬ ಇಂಗ್ಲಿಷ್ ನದಿ ಕಾವಲುಗಾರ ದಾರವನ್ನೇ ಬಳಸದೆ, ತಾಮ್ರದ ತಂತಿ ಮತ್ತು ಫೆಸೆಂಟ್ ಹಕ್ಕಿಯ ಬಾಲದ ನಾರು ಇವೆರಡರಿಂದಲೇ ಒಂದು ನೊಣ ಕಟ್ಟಿ ಲೋಕಪ್ರಸಿದ್ಧನಾದ. ಅವನ ಇನ್ನೊಂದು ನೊಣಕ್ಕೆ ಬಳಸಿದ್ದು ಕಾಲುಚೀಲಕ್ಕೆ ರಫೂ ಹಾಕುವ ಉಣ್ಣೆದಾರ! ಆ ಕಂಪನಿ ಆ ಬಣ್ಣದ ದಾರ ನಿಲ್ಲಿಸಿದ ಮೇಲೆ, ಗಾಳಗಾರರು ಉಳಿದ ಒಂದೊಂದು ಎಳೆಗೂ ಚಿನ್ನದ ಬೆಲೆ ಕೊಟ್ಟು ಕೊಂಡರು. ಅದನ್ನು ಓದಿ ನನಗೆ ಧೈರ್ಯ ಬಂತು. ನಮ್ಮ ಬೀದಿಯ ಮೋಟರ್ ವೈಂಡಿಂಗ್ ಅಂಗಡಿಯವನು ಕೂದಲೆಳೆಯ ತಾಮ್ರದ ತಂತಿಯನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟ. ದೆಹಲಿಯಲ್ಲಿ ನವಿಲುಗಳಿಗೆ ಬರವಿಲ್ಲ. ಮಳೆಗಾಲ ಮುಗಿಯುತ್ತಾ ಉದ್ಯಾನದ ಮೂಲೆಯಲ್ಲಿ ತಾವಾಗಿ ಉದುರಿಸಿದ ಗರಿಗಳು ಸಿಗುತ್ತವೆ. ಹುಂಜದ ಗರಿಗೆ ಮಾತ್ರ ತೊಂದರೆಯಾಯಿತು. ಫಾರಂ ಕೋಳಿಯ ಗರಿ ಮೆತ್ತಗೆ, ಬಿಳುಚು. ನೀರಿನ ಮೇಲೆ ನಿಲ್ಲುವುದಿಲ್ಲ. ಬಲಿತ ನಾಟಿ ಹುಂಜದ ಕುತ್ತಿಗೆಯ ಹೊಳೆಯುವ ಬಿರುಸು ಗರಿಯೇ ಬೇಕು. ಕೊನೆಗೆ ನಮ್ಮ ಮನೆಗೆಲಸದ ಹುಡುಗಿ ಬಿಹಾರದ ತನ್ನ ಊರಿಗೆ ಹೋದವಳು ಒಂದು ಪ್ಲಾಸ್ಟಿಕ್ ಚೀಲ ತುಂಬಾ ತಂದುಕೊಟ್ಟಳು.

ಆ ಚೀಲದಿಂದ ಮನೆಯಲ್ಲಿ ಮಹಾಭಾರತ. ನಮ್ಮ ಅತ್ತೆಗೆ ಆಗ ಎಪ್ಪತ್ತೆಂಟು. ಶೃಂಗೇರಿ ಸೀಮೆಯವರು. "ಏನು ಮಾರಾಯ್ತಿ ಇದು, ದೇವರ ಮನೆ ಇರುವ ಮನೆಯೊಳಗೆ ಕೋಳಿಪುಕ್ಕ?" ಎಂದು ಎದ್ದು ನಿಂತರು. ಗರಿಗಳನ್ನು ಸೋಪಿನ ನೀರಿನಲ್ಲಿ ಎರಡು ಸಲ ತೊಳೆದು, ಬಿಸಿಲಿಗೆ ಒಣಗಿಸಿ, ನುಸಿಗುಳಿಗೆ ಹಾಕಿ ಡಬ್ಬಿ ಮುಚ್ಚಿ, ಬಾಲ್ಕನಿಯಿಂದ ಒಳಗೆ ತರುವುದಿಲ್ಲವೆಂದು ಒಪ್ಪಂದವಾಯಿತು. ಮೇಜು, ದೀಪ, ನಾನು, ಎಲ್ಲ ಬಾಲ್ಕನಿಗೆ.

ಕಟ್ಟುವುದು ಹೇಗೆಂದು ಕೇಳಿ. ಕೊಕ್ಕೆಯನ್ನು ವೈಸಿನಲ್ಲಿ ಸಿಕ್ಕಿಸಿ, ದಾರವನ್ನು ಒತ್ತಾಗಿ ಸುತ್ತುತ್ತಾ ಬಾಲದ ಕಡೆಗೆ ಹೋಗಬೇಕು. ಅಲ್ಲಿ ಮೂರು ನಾಲ್ಕು ನಾರು ಇಟ್ಟು ಕಟ್ಟಿದರೆ ಬಾಲ. ನವಿಲುಗರಿಯಿಂದ ಎರಡು ಎಳೆ ಬಿಡಿಸಿ, ದಾರದ ಜೊತೆಗೆ ಹುರಿ ಮಾಡಿ, ಮುಂದಕ್ಕೆ ಸುತ್ತುತ್ತಾ ಬಂದರೆ ಮೈ. ಹುಂಜದ ಗರಿಯ ಬುಡವನ್ನು ಕಟ್ಟಿ, ತುದಿಯನ್ನು ಚಿಮಟದಿಂದ ಹಿಡಿದು ಮೂರು ಸುತ್ತು ತಂದರೆ ಅದರ ನಾರುಗಳು ಸುತ್ತಲೂ ಎದ್ದು ನಿಲ್ಲುತ್ತವೆ. ಅವೇ ಕಾಲು, ಅವೇ ರೆಕ್ಕೆ. ಅವುಗಳ ಮೇಲೆಯೇ ನೊಣ ತೇಲುವುದು. ಕೊನೆಗೆ ತಲೆಯ ಬಳಿ ಗಂಟು ಹಾಕಿ, ಬಣ್ಣವಿಲ್ಲದ ಉಗುರುಬಣ್ಣದ ಒಂದು ತೊಟ್ಟು. ಹೇಳಲು ಐದು ವಾಕ್ಯ, ಕೈಗೆ ಬರಲು ಐದು ತಿಂಗಳು. ದಾರವನ್ನು ಬಿಗಿಯಾಗಿ ಎಳೆದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ನೊಣವೇ ತಿರುಗುತ್ತದೆ. ಮಡಿಲಿಗೆ ಬಿದ್ದ ಕೊಕ್ಕೆ ಸೀರೆಗೆ ಸಿಕ್ಕಿ, ಸೀರೆ ಬಿಡಿಸಲು ಹೋಗಿ ಬೆರಳಿಗೆ ಸಿಕ್ಕಿ, ಪಟ್ಟ ಪಾಡು ಕೇಳಬೇಡಿ.

ಒಂದು ಮಧ್ಯಾಹ್ನ ಅತ್ತೆ ಬಾಲ್ಕನಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಉಣ್ಣೆಯ ಎಳೆಗಳನ್ನು ದಾರಕ್ಕೆ ಹತ್ತಿಸಲು ಹೆಣಗುತ್ತಿದ್ದೆ. "ಎರಡೂ ಕಡೆ ತಿರುಗಿಸಿದರೆ ಎಲ್ಲಿ ನಿಲ್ಲುತ್ತದೆ? ಬತ್ತಿ ಹೊಸೆದ ಹಾಗೆ ಒಂದೇ ಕಡೆಗೆ ಹೊಸಿ" ಎಂದರು. ಹೊಸೆದೆ, ನಿಂತಿತು. ಮರುದಿನ ಕುರ್ಚಿ ತಂದು ಕುಳಿತರು. ಕೋಳಿಗರಿ ಇವತ್ತಿಗೂ ಮುಟ್ಟುವುದಿಲ್ಲ. ನವಿಲುಗರಿ ಕೃಷ್ಣನ ತಲೆಯದಲ್ಲವೇ, ಅದಕ್ಕೆ ದೋಷವಿಲ್ಲ! ಅದರ ಎಳೆಗಳನ್ನು ಉದ್ದ, ಗಿಡ್ಡ ಎಂದು ವಿಂಗಡಿಸಿ ಹಳೆಯ ಪಂಚಾಂಗದ ಹಾಳೆಗಳ ನಡುವೆ ಇಟ್ಟುಕೊಡುತ್ತಾರೆ.

2018ರ ಅಕ್ಟೋಬರಿನಲ್ಲಿ, ಮಳೆ ನಿಂತು ನೀರು ತಿಳಿಯಾದ ಮೇಲೆ, ಮತ್ತೆ ತೀರ್ಥನ್ ದಡಕ್ಕೆ ಹೋದೆವು. ಮೀನುಗಾರಿಕೆ ಇಲಾಖೆಯ ದಿನದ ಪರವಾನಗಿ ಪಡೆದು, ಕರ್ನಲ್ ಸಾಹೇಬರ ಹಳೆಯ ಕೋಲು ಹಿಡಿದು ನೀರಿಗಿಳಿದೆ. ಎರಡು ದಿನ ಮರಕ್ಕೆ, ಬಂಡೆಗೆ, ನಮ್ಮವರ ಟೋಪಿಗೆ ಗಾಳ ಬಿತ್ತು. ನೊಣಗಳನ್ನು ನೋಡಿಯೂ ಮೀನುಗಳು ಮುಖ ತಿರುಗಿಸಿದವು. ಮೂವತ್ತು ವರ್ಷ ಅಡುಗೆ ಮಾಡಿ ಬಡಿಸಿದವಳ ತಟ್ಟೆಯನ್ನು ಮೂಸಿ ನೋಡಿ ಸರಿಸಿದರೆ ಹೇಗಾಗುತ್ತದೆ, ಗೃಹಿಣಿಯರೇ, ನಿಮಗೆ ಗೊತ್ತು. ಮೂರನೆಯ ಸಂಜೆ ನವಿಲುಗರಿಯ ನೊಣವನ್ನು ಒಂದು ಬಂಡೆಯ ಹಿಂದಿನ ನಿಂತ ನೀರಿನ ಅಂಚಿಗೆ ಇಳಿಸಿದೆ. ನೀರು ಒಂದು ಬಟ್ಟಲಿನಷ್ಟು ಕದಡಿತು. ನೊಣ ಕಾಣೆಯಾಯಿತು. ಕೋಲು ಬಾಗಿತು; ನನ್ನ ಮುಂಗೈಯಲ್ಲಿ ಇನ್ನೊಂದು ಜೀವದ ಎಳೆತ! ಅಂಗೈಗಿಂತ ಸ್ವಲ್ಪ ಉದ್ದದ ಕಂದು ಟ್ರೌಟ್. ಬೆಣ್ಣೆಯ ಬಣ್ಣದ ಹೊಟ್ಟೆ, ಮೈತುಂಬ ಕುಂಕುಮದ ಚುಕ್ಕೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತದೆ. ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ನೀರಿನಲ್ಲೇ ಹಿಡಿದೆ. ಕಿವಿರು ನಾಲ್ಕು ಸಲ ಆಡಿತು. ಮರುಕ್ಷಣ ಬೆರಳುಗಳ ನಡುವೆ ಬರಿ ನೀರು.

ಫೋನಿನಲ್ಲಿ ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಿಡುವುದಾದರೆ ಹಿಡಿಯುವುದು ಯಾಕೆ?"

ಮಿತ್ರರೇ, ಈ ಪ್ರಶ್ನೆಗೆ ನಾನು ಇನ್ನೂ ಉತ್ತರ ಕಟ್ಟುತ್ತಲೇ ಇದ್ದೇನೆ. ನಮ್ಮ ಕಡೆ ಮೀನೆಂದರೆ ಶೃಂಗೇರಿಯ ತುಂಗೆಯ ಮೀನು. ಮಠದ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಚೆಲ್ಲಿದರೆ, ಮೊಳಕ್ಕಿಂತ ಉದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬರುತ್ತವೆ. ಅಲ್ಲಿ ಅವನ್ನು ಹಿಡಿಯುವವರಿಲ್ಲ, ಆದ್ದರಿಂದ ಅವಕ್ಕೆ ಮನುಷ್ಯನ ಭಯವಿಲ್ಲ. ಅದನ್ನು ನೋಡಿ ಬೆಳೆದವಳಿಗೆ ಮೀನಿನ ಬಾಯಿಯಿಂದ ಕೊಕ್ಕೆ ಬಿಡಿಸುವಾಗ ಕೈ ನಡುಗದಿರುತ್ತದೆಯೇ? ಮೀನಿಗೆ ನೋವೇ ಗೊತ್ತಾಗುವುದಿಲ್ಲ ಎಂದು ಗಾಳಗಾರರು ಬಹಳ ಕಾಲ ಹೇಳಿಕೊಂಡು ಬಂದರು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು, ರೇನ್‌ಬೋ ಟ್ರೌಟಿನ ಮುಖದಲ್ಲಿ ಅಪಾಯಕರ ಪೆಟ್ಟನ್ನು ಗ್ರಹಿಸುವ ನರತುದಿಗಳಿವೆ ಎಂದು ತೋರಿಸಿಕೊಟ್ಟರು. ಅದು ನಮ್ಮ ಹಾಗೆ ನೋವೆಂದು ಅನುಭವಿಸುತ್ತದೆಯೋ ಎಂಬ ವಾದ ವಿದ್ವಾಂಸರಲ್ಲಿ ನಡೆದೇ ಇದೆ. ಅದನ್ನು ಓದಿದ ಮೇಲೆ "ಅದಕ್ಕೇನೂ ಆಗುವುದಿಲ್ಲ" ಎಂದು ಅತ್ತೆಗೆ ಹೇಳಲು ನನಗೆ ನಾಲಿಗೆ ಬರಲಿಲ್ಲ.

ಮೋಹ ಎಲ್ಲಿಯವರೆಗೆ ಎಳೆದೀತು ಎಂಬುದಕ್ಕೂ ಈ ಲೋಕದಲ್ಲಿ ಉದಾಹರಣೆಗಳಿವೆ. 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ವಸ್ತುಸಂಗ್ರಹಾಲಯದಿಂದ 299 ಅಪರೂಪದ ಹಕ್ಕಿಗಳ ಚರ್ಮಗಳು ಕಳುವಾದವು. ಕದ್ದವನು ಕೊಳಲು ಕಲಿಯುತ್ತಿದ್ದ ವಿದ್ಯಾರ್ಥಿ, ಸಾಲ್ಮನ್ ನೊಣ ಕಟ್ಟುವುದರಲ್ಲಿ ನಿಪುಣ. ಡಾರ್ವಿನ್ನನ ಸಮಕಾಲೀನ ವಾಲೇಸ್ ಸಂಗ್ರಹಿಸಿದ್ದ ಹಕ್ಕಿಗಳೂ ಅದರಲ್ಲಿದ್ದವು. ನಮ್ಮ ಮಲೆನಾಡಿನ ಕಾಡುಕೋಳಿಯ ಕುತ್ತಿಗೆಯ, ಅರಗು ಹಚ್ಚಿದಂತೆ ಹೊಳೆಯುವ ಗರಿಗಾಗಿಯೂ ಒಂದು ಕಾಲದಲ್ಲಿ ಎಷ್ಟೋ ಹಕ್ಕಿಗಳು ಸತ್ತವು. 1972ರ ವನ್ಯಜೀವಿ ಕಾಯ್ದೆ ಈಗ ಅದಕ್ಕೆ ರಕ್ಷೆ. ಕೈಚಳಕದ ಆಸೆಗೆ ಕಣ್ಣು ಕುರುಡಾಗಬಾರದು.

ಮತ್ತೊಂದು ಪಕ್ಕವನ್ನೂ ನೋಡಬೇಕು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಗುವ ಮಹಶೀರ್ ಹಿಡಿದಿದ್ದರು. ಕಾವೇರಿ ಸೀಮೆಯ ಆ ದೊಡ್ಡ ಮೀನು ಇವತ್ತು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯದ ಪಟ್ಟಿಗೆ ಸೇರಿಸಿದರು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್ ಎಲ್ಲವೂ ಸೇರಿ ಅದನ್ನು ಇಲ್ಲಿಗೆ ತಂದಿವೆ. ತೀರ್ಥನ್ ಮಾತ್ರ, ಸ್ಥಳೀಯರು ಹಟ ಹಿಡಿದು ಹೋರಾಡಿದ್ದರಿಂದ, ಜಲವಿದ್ಯುತ್ ಯೋಜನೆಗಳಿಂದ ಪಾರಾಗಿ ಇನ್ನೂ ಹರಿಯುತ್ತಿದೆ. ಹೊಳೆಯಲ್ಲಿ ಯಾವ ಹುಳು ಯಾವ ತಿಂಗಳು ಏಳುತ್ತದೆ ಎಂದು ಗೊತ್ತಿರುವವರು ಇದ್ದರೆ, ಅವು ಏಳದ ವರ್ಷ ಯಾರಾದರೂ ಗಮನಿಸುತ್ತಾರೆ. ನಾನು ಗಾಳ ಹಿಡಿಯದಿದ್ದರೆ ಹೊಳೆಯ ಕಲ್ಲನ್ನು ಮಗುಚಿ ನೋಡುತ್ತಿರಲಿಲ್ಲ.

ಆದ್ದರಿಂದ ನನಗೆ ನಾನೇ ಕೆಲವು ಕಟ್ಟುಗಳನ್ನು ಹಾಕಿಕೊಂಡಿದ್ದೇನೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ. ಆಗ ಅದು ತಟ್ಟನೆ ಬಿಡಿಸಿಕೊಳ್ಳುತ್ತದೆ. ಫೋಟೋಕ್ಕಾಗಿ ಮೀನನ್ನು ನೀರಿನಿಂದ ಎತ್ತುವುದಿಲ್ಲ. ದಿನಕ್ಕೆ ಎರಡಾದರೆ ಕೋಲು ಮಡಚುತ್ತೇನೆ. ವರ್ಷದಲ್ಲಿ ಹೊಳೆಯ ದಡದಲ್ಲಿರುವುದು ನಾಲ್ಕೈದು ದಿನ, ಬಾಲ್ಕನಿಯಲ್ಲಿ ನೊಣ ಕಟ್ಟುವುದು ಇನ್ನುಳಿದ ದಿನ. ಮೇಗನ್ ಬಾಯ್ಡ್ ನೆನಪಾದಾಗ ನಾನೂ ಪೂರ್ತಿ ಕಟ್ಟುವವಳಾಗಿಯೇ ಉಳಿಯಲೇ ಎಂದು ಯೋಚಿಸುವುದುಂಟು. ಕೊಕ್ಕೆಯ ಮೊನೆಯನ್ನೇ ಮುರಿದು ಗಾಳ ಹಾಕುವ ಕೆಲವರು ಅಮೆರಿಕದಲ್ಲಿದ್ದಾರೆ. ಮೀನು ಬಂದು ನೊಣವನ್ನು ಹಿಡಿದು ಉಗಿಯುತ್ತದೆ, ಅಷ್ಟೇ ಅವರಿಗೆ ಸಾಕು. ಕಳೆದ ಮೇ ತಿಂಗಳಲ್ಲಿ ನಾನೂ ಒಂದು ಇಡೀ ದಿನ ಹಾಗೆ ಹಾಕಿದೆ. ಹನ್ನೊಂದು ಸಲ ನೀರು ಕದಡಿತು, ಹನ್ನೊಂದು ಸಲ ನನ್ನ ಎದೆ ಹಾರಿತು. ಯಾವ ಬಾಯಿಗೂ ಚುಚ್ಚಲಿಲ್ಲ.

ಬಂದು ಅತ್ತೆಗೆ ಸಂಭ್ರಮದಿಂದ ವರದಿ ಒಪ್ಪಿಸಿದೆ. ಅವರು ನವಿಲುಗರಿಯ ಎಳೆ ಬಿಡಿಸುತ್ತಾ, "ಇಷ್ಟಕ್ಕೆ ಮಂಡಕ್ಕಿ ಹಾಕಿದ್ದರೆ ಸಾಕಿತ್ತಲ್ಲ ಮಾರಾಯ್ತಿ!" ಎಂದರು. ನಮ್ಮವರು ನಕ್ಕ ನಗು ಪಕ್ಕದ ಫ್ಲ್ಯಾಟಿಗೂ ಕೇಳಿರಬೇಕು.

ಸಾಕಾಗುತ್ತಿರಲಿಲ್ಲ, ಅತ್ತೆ. ಮಂಡಕ್ಕಿಗೆ ಮೀನು ನಮ್ಮ ಬಳಿ ಬರುತ್ತದೆ. ಇಲ್ಲಿ ನಾನು ಅದರ ಬಳಿಗೆ ಹೋಗಬೇಕು. ಅದು ಯಾವ ಕಲ್ಲಿನ ಹಿಂದೆ ನಿಂತಿದೆ, ಈ ಹೊತ್ತಿಗೆ ಏನು ತಿನ್ನುತ್ತಿದೆ, ಆ ಹುಳುವಿನ ಹೊಟ್ಟೆಯ ಬಣ್ಣವೇನು ಎಂದು ತಿಳಿಯಬೇಕು. ಇಷ್ಟು ವರ್ಷ ಮನೆಮಂದಿಯ ರುಚಿ ತಿಳಿದು ಬೇಯಿಸಿದವಳಿಗೆ ಈ ಅಭ್ಯಾಸ ಹೊಸದಲ್ಲ; ಬಡಿಸುವ ಮನೆ ಮಾತ್ರ ಹೊಸದು.

ನಿಮಗೂ ಆಸೆಯಾಗಿದ್ದರೆ ಎರಡು ಮಾತು. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಅದು ಮೊಟ್ಟೆಯಿಡುವ ಕಾಲ. ಪರವಾನಗಿ ಇಲ್ಲದೆ ನೀರಿಗಿಳಿಯಬೇಡಿ. ಮೊದಲೇ ದುಬಾರಿ ಕೋಲು ಕೊಳ್ಳಬೇಡಿ, ಅಲ್ಲಿ ಬಾಡಿಗೆಗೆ ಸಿಗುತ್ತದೆ. ಗಾಳ ಬೇಡ, ಬರಿ ಕಟ್ಟುವುದು ಸಾಕು ಎನ್ನುವವರಿಗಂತೂ ಯಾವ ಹೊಳೆಯೂ ಬೇಡ, ಒಂದು ಕಿಟಕಿಯ ಬೆಳಕು ಸಾಕು. ಈ ರಾಜ್ಯೋತ್ಸವದ ದಿನ ಸಂಘದ ಕರಕುಶಲ ಪ್ರದರ್ಶನದಲ್ಲಿ ರಂಗೋಲಿ, ಕಸೂತಿಗಳ ಪಕ್ಕ ನನ್ನದೂ ಒಂದು ಮೇಜು ಇರುತ್ತದೆ. ನವಿಲುಗರಿಯ ಎಳೆಗಳನ್ನು ಅತ್ತೆ ಆಗಲೇ ವಿಂಗಡಿಸಿಟ್ಟಿದ್ದಾರೆ. ನಿಮ್ಮ ಕನ್ನಡಕ ಮರೆಯದೆ ತನ್ನಿ.